ಕಾಕಾನ ಟ್ರ್ಯಾಕ್ಟರಿಗೊಂದು ರಿಪೇರಿ ಪುಸ್ತಕ

ಬಿಜ್ಜರಗಿ
4 ಸೆಪ್ಟೆಂಬರ್ 2024

ಚಂದ್ರಾ,

ಇಲ್ಲಿ ಮಂದಿ ಅರಾಮ, ಎಮ್ಮಿ ಅರಾಮ, ದ್ರಾಕ್ಷಿ ಬಳ್ಳಿನೂ ಅರಾಮ. ಟ್ರ್ಯಾಕ್ಟರ್ ಒಂದ ಅರಾಮ ಇಲ್ಲ. ಅದಕ್ಕ ಈ ಪತ್ರ.

ಗಾಂಧಿ ಚೌಕದಾಗ ನೀವು ಗಂಡ ಹೆಂಡತಿ ಝೆರಾಕ್ಸ್ ಅಂಗಡಿ ಇಟ್ಟು ಹನ್ನೆರಡು ವರ್ಷ ಆತು. ಜಿಲ್ಲಾದ ಕಾಗದ ಎಲ್ಲಾ ನಿನ್ನ ಮಿಷನ್ನಿನ ಹೊಟ್ಯಾಗ ಹೊಕ್ಕು ಹೊರಗ ಬರತಾವ. ಇಷ್ಟು ದಿನದಾಗ ಈ ಕಾಕಾ ಒಂದು ಹಾಳಿ ಕೇಳಿಲ್ಲ. ಈಗ ಕೇಳತೇನಿ. ನಮ್ಮ ಟ್ರ್ಯಾಕ್ಟರಿನ ರಿಪೇರಿ ಪುಸ್ತಕ ಒಂದು ಹುಡುಕಿ ಕಳಸು. ಬಾನೆಟ್ ಮ್ಯಾಲ ಐವತ್ತು ಎಚ್‌ಪಿ ಅಂತ ಬರದೈತಿ. ಕನ್ನಡದಾಗ ಇರಬೇಕು, ಚಿತ್ರ ಭಾಳ ಇರಬೇಕು, ಅಕ್ಷರ ದಪ್ಪ ಇರಬೇಕು. ನಾ ಬಸ್ಸಿನ ಬೋರ್ಡ್ ಓದಿ ಓದಿ ಅಕ್ಷರ ಕಲತಾವ, ಇರಿವಿ ಸಾಲಿನಂಥಾ ಅಕ್ಷರ ನನಗ ನಡಿಯೂದಿಲ್ಲ.

ತೊಂದ್ರಿ ಏನಂದ್ರ, ಖಾಲಿ ಇದ್ದಾಗ ಓಡತೈತಿ. ಔಷಧ ಹೊಡಿಯೋ ಪಂಪ್ ಹಚ್ಚಿದ ಕೂಡಲೇ ಕುಸುಬಿ ಚೀಲ ಹೊತ್ತ ಮುದುಕನಂಗ ಕಾಲ ಮಡಚತೈತಿ. ಅಕ್ಟೋಬರದಾಗ ಕತ್ತರಿ ಹಿಡದು ದ್ರಾಕ್ಷಿ ಬಳ್ಳಿ ಚಾಟ್ನಿ ಮಾಡಬೇಕು. ಬಳ್ಳಿ ಕತ್ತರಿಸಿ ಹೊಸಾ ಚಿಗರು ಬಂತಂದ್ರ ಎರಡ ದಿನಕ್ಕೊಮ್ಮೆ ಔಷಧ ಹೊಡಿಲೇಬೇಕು, ಇಲ್ಲಂದ್ರ ಬೂದಿ ರೋಗ ಬಂದು ವರ್ಷದ ಪೀಕು ಹೋಗತೈತಿ. ನಮ್ಮ ಮಗಾ ಅಪ್ಪು ಹೇಳ್ಯಾನ: "ಚಾಟ್ನಿ ಒಳಗ ಸರಿ ಆಗಲಿಲ್ಲಂದ್ರ ಇದನ್ನ ಮಾರೋದ ಯಪ್ಪಾ." ಹಾಡು ಹಾಡೋ ಹೊಸಾ ಟ್ರ್ಯಾಕ್ಟರ್ ಮ್ಯಾಲ ಅವನ ಕಣ್ಣು. ಇಪ್ಪತ್ತೆಂಟು ವರ್ಷ ಇದನ್ನ ನಾನ ಬಿಚ್ಚೇನಿ, ನಾನ ಕೂಡಿಸೇನಿ. ಮಾರಿದ್ರ ನಾ ಈ ಮನ್ಯಾಗ ಏನ ಮಾಡ್ಲಿ? ಎಮ್ಮಿ ಎದುರಿಗೆ ಕುಂತು ಮೆಲಕು ಹಾಕ್ಲ್ಯಾ?

ಹೊಡಿಯೂದರ ನೆಟ್ಟಗ ಹೊಡಿತಾನೇನು ಇವ! ಹೋದ ತಿಂಗಳ ಟ್ರಾಲಿ ಹಿಂದ ನಾ ಗ್ರೀಸ್ ಹಾಕಾಕತ್ತಿದ್ದೆ. ಹಾರನ್ ಹೊಡಿಲಾರದ ರಿವರ್ಸ್ ತಗೊಂಡ. ನಿಮ್ಮ ಕಾಕಿ ಗುರುಬಾಯಿ ರಟ್ಟಿ ಹಿಡದು ಎಳಿಲಿಲ್ಲಂದ್ರ ಈ ಪತ್ರ ಬರ್ಯಾಕ ನಾ ಇರತಿರಲಿಲ್ಲ.

ಫೋನಿನ್ಯಾಗ ಈ ಮಾತು ಬಗಿಹರಿಯೂದಿಲ್ಲ. ಆಡಿದ್ದು ಹಾರಿ ಹೋಗತೈತಿ, ಬರದದ್ದು ಉಳಿತೈತಿ. ಬಸ್ಸಿನ ಕಂಡಕ್ಟರ್ ಕೈಯಾಗ ಉತ್ತರ ಕೊಡು.

ನಿನ್ನ ಕಾಕಾ,
ಯಲಗೂರಪ್ಪ


ವಿಜಯಪುರ
9 ಸೆಪ್ಟೆಂಬರ್ 2024

ಕಾಕಾ,

ಕಂಡಕ್ಟರ್ ಅಂಗಡಿ ಮುಂದ ನಿಂತು "ಬಿಜ್ಜರಗಿ ಪತ್ರ ಐತ್ರಿ" ಅಂದಾಗ ನನ್ನ ಕೈಯಾಗಿದ್ದ ಗಿರಾಕಿಯ ಆಧಾರ್ ಕಾರ್ಡು ಕೆಳಗ ಬಿತ್ತು. ಈ ಕಾಲದಾಗ ಪತ್ರ ಬಂತಂದ್ರ ಯಾರ ಎದಿ ಧಸಕ್ ಅನ್ನೂದಿಲ್ಲ? ಒಡದು ನೋಡಿದ್ರ ಟ್ರ್ಯಾಕ್ಟರಿಗೆ ಕಾಲ ನೋವು!

ನಾಕು ಸಲ ಫೋನ್ ಮಾಡಿದೆ. ನಾಕೂ ಸಲ ಕಾಕಿ ಎತ್ತಿ "ಹೊಲಕ್ಕ ಹೋಗ್ಯಾರ" ಅಂದ್ಳು. ಮೂರನೇ ಸಲ ಆಕಿ ಹಿಂದ ನಿನ್ನ ಕೆಮ್ಮು ಕೇಳಿಸ್ತು. ಹೊಲ ಈಗ ಪಡಸಾಲ್ಯಾಗ ಬಂದೈತೇನು?

ನಮ್ಮ ಎದುರಿಗೆ ಫಕ್ರುದ್ದೀನ ಚಾಚಾನ ಸ್ಪೇರ್ ಪಾರ್ಟ್ಸ್ ಅಂಗಡಿ ಐತಿ. ಮೊದಲ ಟ್ರ್ಯಾಕ್ಟರ್ ಮಿಸ್ತ್ರಿ ಆಗಿದ್ದವ್ರು, ಮೊಣಕಾಲ ಹೋದ ಮ್ಯಾಲ ಗಲ್ಲಾದ ಮ್ಯಾಲ ಕುಂತಾರ. ಅವರಿಗೆ ನಿನ್ನ ಪತ್ರ ಓದಿ ಹೇಳಿದೆ. ಮೂರು ಪುಸ್ತಕ ನನ್ನ ಮುಂದ ಒಗದ್ರು. ಒಂದು ಟ್ರ್ಯಾಕ್ಟರ್ ಕೊಳ್ಳುವಾಗ ಕೊಡೋ ತೆಳ್ಳನ್ನ ಪುಸ್ತಕ, ಕನ್ನಡದ್ದು. ಅದರಾಗ ಸೀಟ್ ಒರಸೂದು ಹೆಂಗ, ದೀಪ ಹಚ್ಚೂದು ಹೆಂಗ ಅಂತ ಐತಿ. ಒಂದು ದಪ್ಪನ್ನ ಇಂಗ್ಲಿಷ್ ಪುಸ್ತಕ, ಮಿಸ್ತ್ರಿಗೋಳದು. ಎತ್ತಿ ಹೊಡದ್ರ ಮನಶ್ಯಾ ಸಾಯತಾನ. ಇನ್ನೊಂದು ಐಟಿಐ ಹುಡುಗೂರು ಓದೂದು, ಕನ್ನಡದ್ದ, ಐವತ್ತರ ಮಾಡಲ್ ಬಿಚ್ಚಿ ತೋರಿಸೇತಿ. ಚಿತ್ರ ಭಾಳ ಅದಾವ ಅಂತ ಮೂರನೇದ್ದನ್ನ ಝೆರಾಕ್ಸ್ ಮಾಡಿ, ಅಕ್ಷರ ಒಂದೂವರಿ ಪಟ್ಟು ದೊಡ್ಡವು ಮಾಡಿ, ಸ್ಪೈರಲ್ ಹಾಕಿ ಕಳಸೇನಿ.

ಚಾಚಾ ಒಂದ ಮಾತು ಕೇಳಿದ್ರು. "ಬೇಟಿ, ಬಿಜ್ಜರಗಿ ಬಾಜೂ ಟಿಕೋಟಾದಾಗ ಮಿಸ್ತ್ರಿ ಮಂದಿ ಸತ್ತಾರೇನು?" ನಾನೂ ಅದನ್ನ ಕೇಳತೇನಿ. ಒಂದ ತಾಸಿನ ಕೆಲಸಕ್ಕ ಪುಸ್ತಕ ಯಾಕ?

ಚಂದ್ರಕಲಾ


ಬಿಜ್ಜರಗಿ
13 ಸೆಪ್ಟೆಂಬರ್ 2024

ಚಂದ್ರಾ,

ಪುಸ್ತಕ ಮುಟ್ಟಿತು. ಚಂದ ಐತಿ. ಯಾರ ಟ್ರ್ಯಾಕ್ಟರಿಂದು?

ಅದರಾಗ ನಾಕು ಸಿಲಿಂಡರ್ ಅದಾವ. ನಮ್ಮದಕ್ಕ ಮೂರ. ನಾಕನೇದ್ದನ್ನ ನಾ ಎಲ್ಲಿಂದ ತರಲಿ? ಡೀಸೆಲ್ ಪಂಪ್ ಎಡಕ್ಕ ತೋರಿಸ್ಯಾರ, ನಮ್ಮದು ಬಲಕ್ಕ. ಎರಡು ದಿನ ಪುಸ್ತಕ ತಿರುವಿ ಹಿಡದು ನೋಡಿದೆ, ನಾ ತಿರುಗಿ ನಿಂತು ನೋಡಿದೆ. ನಿಮ್ಮ ಕಾಕಿ "ಬಳ್ಳಿ ತಿಂದ ಕುರಿಯಂಗ ಯಾಕ ಸುತ್ತಾಕತ್ತೀರಿ" ಅಂದ್ಳು.

ತಪ್ಪು ನಿಂದಲ್ಲ. ಹದಿನಾಕು ವರ್ಷ ನಾ ನಿನಗ ಒಂದು ಮಾತು ಹೇಳಿಲ್ಲ. ಈಗ ಹೇಳೂ ಹೊತ್ತು ಬಂತು. ಆ ಬಾನೆಟ್ ನಮ್ಮದಲ್ಲ.

ನಿನ್ನ ಲಗ್ನದ ಮಾತು. ಸಾರವಾಡದಿಂದ ಬೀಗರನ್ನ ಕರ್ಕೊಂಡು ಬರೂದು ನಮ್ಮ ಪಾಳಿ. ನಿಶ್ಚಯಕ್ಕ ಬಂದಾಗ ನಿಮ್ಮ ಮಾವನ ಕಡಿಯಾವ ಒಬ್ಬ ನಮ್ಮ ಟ್ರ್ಯಾಕ್ಟರ್ ಸುತ್ತಲೂ ತಿರುಗಿ "ಇದು ಬೀಗರನ್ನ ತರತೈತ್ಯೊ, ಬೀಗರ ಇದನ್ನ ದಬ್ಬಿ ತರಬೇಕೊ" ಅಂದಿದ್ದ. ನಿಮ್ಮಪ್ಪ ಇದ್ದಿದ್ರ ನಕ್ಕು ಬಿಡತಿದ್ದ. ನನಗ ನಗಾಕ ಆಗಲಿಲ್ಲ. ತಂದಿ ಇಲ್ಲದ ಹುಡುಗಿ ಅಂತ ಅಂದಂಗ ಆತು. ಆಗ ನಮ್ಮ ಬಾಜೂ ಹೊಲದ ಅಮರಪ್ಪ ಹೊಸಾ ಐವತ್ತು ತಂದಿದ್ದ, ಅದ ಕಂಪನಿದು. ಲಗ್ನದ ಮುಂಜಾನೆ ಅವನ ಬಾನೆಟ್ ನಮ್ಮದಕ್ಕ, ನಮ್ಮದು ಅವಂದಕ್ಕ. ಎರಡು ಬೋಲ್ಟು ತಾಳ ಆಗಲಿಲ್ಲ, ತಂತಿಲೆ ಬಿಗದ್ವಿ. ಮ್ಯಾಲ ಹೂವಿನ ಸರ ಬಿಟ್ವಿ. ಸಾರವಾಡದ ಮಂದಿ ಬಾಯಿ ತಗದು ನೋಡಿದ್ರು.

ತಿರಿಗಿ ಬದಲಿ ಮಾಡೂದು ಇವತ್ತು ನಾಳೆ ಅನ್ಕೋತ ಹೋತು. ಅಮರಪ್ಪ ತನ್ನದನ್ನ ಮಹಾರಾಷ್ಟ್ರದ ಜತ್ತ ಕಡಿಯಾವಗ ಮಾರಿದ, ನಮ್ಮ ಬಾನೆಟ್ ಸೈತ. ಅವತ್ತಿನಿಂದ ನಮ್ಮ ಮೂವತ್ತೈದು ಸಾವಕಾರನ ಟೊಪಿಗಿ ಹಾಕ್ಕೊಂಡು ತಿರಗತೈತಿ.

ಇಂಜಿನ್ ಮ್ಯಾಲ ಕೆತ್ತಿದ ಖರೇ ನಂಬರ್ ಈ ಹಾಳಿ ಹಿಂದ ಬರದೇನಿ. ಈ ನಂಬರಿನ ಪುಸ್ತಕ ಕಳಸು. ಮತ್ತ ಮಿಸ್ತ್ರಿ ಮಾತು ಎತ್ತಬ್ಯಾಡ. ಮೂರು ಊರಿನ ಮಿಸ್ತ್ರಿಗೋಳು ನನ್ನ ಕೇಳಾಕ ಬರತಿದ್ರು, ನಾ ಅವರ ಮನಿಗೆ ಹೋಗ್ಲಾ?

ನಿನ್ನ ಕಾಕಾ


ವಿಜಯಪುರ
18 ಸೆಪ್ಟೆಂಬರ್ 2024

ಕಾಕಾ,

ನಗಬೇಕೊ ಅಳಬೇಕೊ ತಿಳೀವಲ್ದು. ನಮ್ಮ ಅತ್ತಿ ಇವತ್ತಿಗೂ ಮಂದಿ ಮುಂದ ಹೇಳತಾಳ: "ನಮ್ಮನ್ನ ಐವತ್ತರ ಟ್ರ್ಯಾಕ್ಟರಿನ್ಯಾಗ ಕರಕೊಂಡ್ರು, ಸಣ್ಣ ಮನೆತನ ಅಲ್ಲ." ನಿನ್ನ ಪತ್ರ ಅಕ್ಕಿಹಿಟ್ಟಿನ ಡಬ್ಬ್ಯಾಗ ಬಚ್ಚಿಟ್ಟೇನಿ.

ಹಳೇ ಮೂವತ್ತೈದರ ಪುಸ್ತಕ ಈಗ ಸಿಗೂದು ಕಠಿಣ ಅಂತ. ಚಾಚಾ ಕೇಳಿ ನೋಡಾಕತ್ತಾರ. ತಡಿ. ಅವಸರ ಮಾಡಬ್ಯಾಡ. ಬಿಚ್ಚೂದು ಕೂಡಸೂದು ಈಗೇನೂ ಮಾಡಬ್ಯಾಡ. ಅಪ್ಪು ಮನ್ಯಾಗ ಇಲ್ಲದಾಗಂತೂ ಟ್ರ್ಯಾಕ್ಟರ್ ಹತ್ರ ಹೋಗ್ಲೇಬ್ಯಾಡ.

ಚಾಚಾ ಒಂದು ಕೇಳ್ಯಾರ. ಇಂಜಿನ್ನಿನ ಸಪ್ಪಳ ಹೆಂಗ ಬರತೈತಿ? ಟಕ್ ಟಕ್ ಅಂತೈತೊ, ಗುಡು ಗುಡು ಅಂತೈತೊ, ನಡನಡಕ ಉಸರು ಹಿಡದಂಗ ಆಕೈತೊ? ಅದೊಂದು ತಿಳದ್ರ ಅರ್ಧ ರೋಗ ಗೊತ್ತಾತು ಅಂತಾರ. ಬರಿ.

ಚಂದ್ರಕಲಾ


ಬಿಜ್ಜರಗಿ
23 ಸೆಪ್ಟೆಂಬರ್ 2024

ಚಂದ್ರಕಲಾಗ,

ಸಪ್ಪಳ ಹೆಂಗ ಬರತೈತಿ ಅಂತ ಕೇಳಿದಿ. ಟ್ರ್ಯಾಕ್ಟರಿನ ಸಪ್ಪಳ ಟ್ರ್ಯಾಕ್ಟರಿನಂಗ ಬರತೈತಿ. ಸನಾದಿ ಹಂಗ ಬರತೈತೇನು?

ಹೊಗಿ ಕೇಳು, ಹೇಳತೇನಿ. ಮುಂಜಾನೆ ಚಾಲೂ ಮಾಡಿದಾಗ ಸುಣ್ಣದ ನೀರಿನಂಥಾ ಬಿಳೇ ಹೊಗಿ, ಇಂಜಿನ್ ಕಾಯುತನಕ. ಪಂಪ್ ಹಚ್ಚಿದಾಗ ಕರೇದು, ಅಂಚಿಗೆ ಸ್ವಲ್ಪ ಕಂದು. ಸ್ಟೇರಿಂಗ್ ಮ್ಯಾಲ ಕೈ ಇಟ್ರ ಮೊದಲು ಸಣ್ಣಗ ನಡಗತಿತ್ತು, ಈಗ ಕುಂಟಿ ಹೊಡದಂಗ ಜಗ್ಗತೈತಿ. ವಾಸನಿ ಹಸಿ ಡೀಸೆಲ್ಲಿಂದು. ಇಷ್ಟು ಸಾಲದೇನು ನಿಮ್ಮ ಚಾಚಾಗ?

ಇನ್ನ ಎರಡನೇ ಮಾತು. ನಿನ್ನೆ ಅಮರಪ್ಪ ವಿಜಯಪುರಕ್ಕ ಹೋಗಿದ್ದ. ಫಕ್ರುದ್ದೀನನ ಅಂಗಡ್ಯಾಗ ಬೆಲ್ಟ್ ತಗೊಂಡು ಬಂದ. ಮನಿತನಕ ಬಂದು, ಎದುರಿಗೆ ನಿಂತು, ಒಂದೊಂದ ಮಾತು ಬಿಡಿಸಿ ಹೇಳಿದ. ಮೂವತ್ತೈದರ ಪುಸ್ತಕ ಹದಿನಾರನೇ ತಾರೀಖಿಗೆ ಸಿಕ್ಕೈತಿ, ಅವತ್ತ ನಿನ್ನ ಕೈಯಾಗ ಕೊಟ್ಟಾರ. ನೀ ಹದಿನೆಂಟಕ್ಕ ನನಗ "ಕಠಿಣ, ತಡಿ" ಅಂತ ಬರದಿ.

ನಿನಗ ಸುಳ್ಳು ಹೇಳೂದು ಕಲಿಸಿದವ್ರು ಯಾರವಾ? ಬಾನೆಟ್ಟಿನ ಸುಳ್ಳು ನಾ ಹೇಳಿದ್ದೆ ಖರೆ, ಅದು ನಿನ್ನ ಮಾನಕ್ಕ ಹೇಳಿದ್ದು. ನಿಂದು ಯಾರ ಸಲುವಾಗಿ? ಅಪ್ಪೂನ ಮಾತು ಕೇಳಾಕತ್ತಿ ಅಲ್ಲೇನು? ಮುದುಕನ ಕೈಗೆ ಪುಸ್ತಕ ಸಿಗದಂಗ ಮಾಡು, ಚಾಟ್ನಿ ಬರಲಿ, ಮಾರಿ ಬಿಡೂನು. ಅದ ಅಲ್ಲಾ ಹಂಚಿಕಿ?

ಯಲಗೂರಪ್ಪ


ವಿಜಯಪುರ
26 ಸೆಪ್ಟೆಂಬರ್ 2024

ಕಾಕಾ,

ಪುಸ್ತಕ ಇದರ ಜೋಡಿ ಐತಿ. ಖರೇ ಮೂವತ್ತೈದರದ್ದು, ಮೂರು ಸಿಲಿಂಡರ್, ಪಂಪ್ ಬಲಕ್ಕ. ಹಳೇ ಕನ್ನಡ ಪುಸ್ತಕ, ಹಾಳಿ ಹಳದಿ ಆಗ್ಯಾವ. ಅಕ್ಷರ ದೊಡ್ಡವು ಮಾಡೇನಿ.

ಇಟ್ಕೊಂಡಿದ್ದು ಖರೆ. ಅಪ್ಪು ಫೋನ್ ಮಾಡಿದ್ದೂ ಖರೆ. ಆದ್ರ ನೀ ತಿಳಕೊಂಡಂಗ ಅಲ್ಲ. ಇದಕ್ಕಿಂತ ಹೆಚ್ಚು ಬರ್ಯಾಕ ನನಗ ಕೈ ಬರವಲ್ದು. ಸಿಟ್ಟಿದ್ರ ಇರಲಿ, ಕಾಕಾ ಅನ್ನೂದು ಬಿಟ್ಟು ಬರೇ ಹೆಸರು ಬರದು ಸಹಿ ಮಾಡಬ್ಯಾಡ. ಬ್ಯಾಂಕಿನ ಕಾಗದ ಬಂದಂಗ ಆಕೈತಿ.

ಚಂದ್ರಾ


ಬಿಜ್ಜರಗಿ
30 ಸೆಪ್ಟೆಂಬರ್ 2024

ಚಂದ್ರಾ,

ಈ ಪುಸ್ತಕ ತಿರಿಗಿ ಕಳಸಾಕತ್ತೇನಿ. ಸಿಟ್ಟಿಗಲ್ಲ. ಓದೇನಿ, ಹಾಳಿ ಬಿಡದಂಗ ಓದೇನಿ, ಕನ್ನಡಕದ ಕಾಲ ಮುರಿಯುತನಕ ಓದೇನಿ. ಇದು ಬರದಾವ ಟ್ರ್ಯಾಕ್ಟರ್ ರಿಪೇರಿ ಮಾಡಿದಾವಲ್ಲ. ಸಂಗೀತದ ಮಾಸ್ತರ ಇರಬೇಕು.

ಹನ್ನೊಂದನೇ ಹಾಳಿ: "ಇಂಜಿನ್ ಚಾಲೂ ಮಾಡಿ ಶಬ್ದವನ್ನು ಗಮನವಿಟ್ಟು ಆಲಿಸಿ." ಹತ್ತೊಂಬತ್ತನೇದ್ದು: "ಬಡಿತದ ಶಬ್ದ ಕೇಳಿ ಬಂದಲ್ಲಿ." ಇಪ್ಪತ್ತೆರಡರಾಗ ಒಂದೊಂದ ಡೀಸೆಲ್ ಪೈಪಿನ ನಟ್ ಸಡಲ ಮಾಡಬೇಕಂತ, ಯಾವುದು ಸಡಲ ಮಾಡಿದಾಗ ಶಬ್ದ ಬದಲಾಗೂದಿಲ್ಲ ಆ ಸಿಲಿಂಡರ್ ಸತ್ತೈತಿ ಅಂತ. ಇದು ನನಗ ಗೊತ್ತಿಲ್ಲೇನು? ಈ ಪುಸ್ತಕ ಹುಟ್ಟೂಕಿಂತ ಮೊದಲ ನಾ ಇದನ್ನ ಮಾಡೇನಿ! ಕೇಳಿ ತಿಳಕೊಳ್ಳೂದ ಆಗಿದ್ರ ಪುಸ್ತಕ ಯಾಕ ಬೇಕಾಗಿತ್ತು? ನೋಡಿ ತಿಳಕೊಳ್ಳೂದು ಇದರಾಗ ಒಂದೂ ಇಲ್ಲ. ಒಂದ ಒಂದು ಇಲ್ಲ.

ಬ್ಯಾರೆ ಪುಸ್ತಕ ಸಿಗತೈತೇನು ನೋಡು. ಇಂಗ್ಲಿಷಿನದ ಆಗ್ಲಿ, ನೀ ಓದಿ ಬರಿ. ಆ ಎತ್ತಿ ಹೊಡದ್ರ ಸಾಯೂವಂಥಾದ್ದು ಇತ್ತಲ್ಲಾ, ಅದರಾಗ ಇರಬೇಕು.

ನಿನ್ನೆ ಸಾರವಾಡದಿಂದ ಒಬ್ಬ ಗಿರಾಕಿ ಬಂದಿದ್ದ. ಅಪ್ಪು ಕರಸಿದ್ದು. ಎತ್ತಿನ ಹಲ್ಲು ನೋಡಿದಂಗ ಗಾಲಿ ನೋಡಿದ, ಬಾನೆಟ್ ಬಡದು ನೋಡಿದ. ನನ್ನ ಕಡೆ ತಿರುಗಿ ಏನೋ ಕೇಳಿದ. ನಾ "ಹೂಂ" ಅಂದೆ. ಆಮ್ಯಾಲೆ ನೋಡಿದ್ರ ನಿಮ್ಮ ಕಾಕಿ ಹಣಿ ಹಣಿ ಬಡಕೊಳ್ಳಾಕತ್ತಾಳ. "ಕೊಡೂ ಮನಸೈತೇನ್ರಿ" ಅಂತ ಕೇಳಿದ್ದನಂತ. ಹತ್ತನೇ ತಾರೀಖಿಗೆ ಚಾಟ್ನಿ, ಹನ್ನೆರಡಕ್ಕ ಬಂದು ಒಯ್ಯತೇನಿ ಅಂತ ಹೇಳಿ ಹೋಗ್ಯಾನ.

ಜಲ್ದಿ ಬರಿ.

ಕಾಕಾ


ವಿಜಯಪುರ
4 ಅಕ್ಟೋಬರ್ 2024

ಕಾಕಾ,

ನಿನ್ನ ಪತ್ರ ಹಿಡಕೊಂಡು ಹೋಗಿ ಫಕ್ರುದ್ದೀನ ಚಾಚಾನ ಮುಂದ ಕುಂತೆ. ನನಗೂ ತಲಿ ಕೆಟ್ಟಿತ್ತು. "ಚಾಚಾ, ಎರಡು ಪುಸ್ತಕ ಆದ್ವು, ಈ ಮನಶ್ಯಾಗ ಯಾವುದೂ ಮನಸಿಗೆ ಬರವಲ್ದು, ನೀವ ಬಯ್ದು ನಾಕು ಸಾಲು ಬರೀರಿ" ಅಂದೆ. ಅವರು ಪತ್ರ ಇಸಕೊಂಡು ತಾವ ಓದಿದ್ರು. ಹಿಂದಿನ ಪತ್ರಾನೂ ಕೇಳಿ ಓದಿದ್ರು, ಹೊಗಿ ಬಣ್ಣ ಬರದಿದ್ದಿ ಅಲ್ಲಾ, ಅದು. ಕನ್ನಡಕ ತಗದು ಗಲ್ಲಾದ ಮ್ಯಾಲ ಇಟ್ರು. "ಬೇಟಿ, ಈ ಮನಶ್ಯಾ ಹೊಗಿ ಅಂಚಿನ ಬಣ್ಣ ಹೇಳತಾನ, ಸ್ಟೇರಿಂಗಿನ ನಡುಕ ಹೇಳತಾನ, ವಾಸನಿ ಹೇಳತಾನ. ಸಪ್ಪಳ ಒಂದ ಹೇಳವಲ್ಲ. ಇವರಿಗೆ ಯಾವಾಗಿಂದ ಕೇಳಸೂದಿಲ್ಲ?" ಅಂದ್ರು.

ಕಾಕಾ, ನಿನಗ ಕೇಳಸೂದಿಲ್ಲ ಅಂತ ನಂಗೊತ್ತಿತ್ತು. ನಿನಗ ಪುಸ್ತಕ ಯಾಕ ಬೇಕಾಗಿತ್ತು ಅನ್ನೂದು ಮಾತ್ರ ಆಗ ತಿಳೀತು. ನಾ ಹಟ ಅಂತ ತಿಳಕೊಂಡಿದ್ದೆ.

ಇನ್ನ ನಾ ಮುಚ್ಚಿ ಇಡೂದಿಲ್ಲ. ಅವತ್ತು ಟ್ರಾಲಿ ಹಿಂದ ನೀ ಕುಂತಾಗ ಅಪ್ಪು ಹಾರನ್ ಹೊಡದಿದ್ದ. ಎರಡ ಸಲ ಹೊಡದಿದ್ದ. ಅಪ್ಪ ಸರದಿರತಾನ ಅಂತ ತಿಳಕೊಂಡು ಹಿಂದ ತಗೊಂಡ. ಕಾಕಿ ಚೀರಿದ್ದು ಅವಗ ಕೇಳಿಸ್ತು, ನಿನಗ ಕೇಳಿಸ್ಲಿಲ್ಲ. ಅವ ಅವತ್ತ ಸಂಜಿಕೆ ನನಗ ಫೋನ್ ಮಾಡಿ ಅತ್ತಾನ. ಮೂವತ್ತಾರು ವರ್ಷದ ಗಂಡಸು, "ಅಕ್ಕಾ, ಗಾಲಿ ಇಷ್ಟ ದೂರ ಇತ್ತು" ಅಂತ ಹೇಳಿ ಹೇಳಿ ಅತ್ತ. ಅವಗ ಹಾಡೋ ಟ್ರ್ಯಾಕ್ಟರ್ ಬೇಕಾಗಿಲ್ಲ. ನೀ ಇದರ ಗಾಲಿ ನಡಕ ಹೋಗಿ ಕೂಡಬಾರದು, ಅಷ್ಟ ಬೇಕಾಗೇತಿ. ಕೆಪ್ಪ ಅಂತ ಹೇಳಿ ನಿನ್ನ ಮಾನ ಕಳಿಯೂಕಿಂತ ಹಾರನ್ ಹೊಡಿಲಿಲ್ಲ ಅನ್ನೂ ಬೈಗಳ ತಿನ್ನೂದ ಬರೋಬ್ಬರಿ ಅಂದ. ಪುಸ್ತಕ ಕೊಡಬ್ಯಾಡ ಅಂದಾವನೂ ಅವನ. ನಾ ಹೂಂ ಅಂದೆ.

ನೀ ನಮ್ಮಿಂದ ಮುಚ್ಚಿಟ್ಟಿ, ಕಾಕಿ ನಿನಗ ಫೋನ್ ಕೊಡಲಾರದ ಮುಚ್ಚಿಟ್ಳು, ಅಪ್ಪು ಬೈಸಿಕೊಂಡು ಮುಚ್ಚಿಟ್ಟ, ನಾ ಸುಳ್ಳು ಬರದೆ. ಎಲ್ಲಾರಿಗೂ ಗೊತ್ತಿದ್ದ ಮಾತು ಒಂದ ಮನ್ಯಾಗ ನಾಕು ಮಂದಿ ನಾಕು ಮೂಲ್ಯಾಗ ಬಚ್ಚಿಟ್ಟೇವಿ. ಇದಕ್ಕ ಯಾವ ಪುಸ್ತಕ ತರಲಿ ನಾ?

ಚಂದ್ರಾ


ಬಿಜ್ಜರಗಿ
6 ಅಕ್ಟೋಬರ್ 2024

ಪತ್ರ ಮುಟ್ಟಿತು.

ಅಪ್ಪು ಖರೇನ ಎರಡ ಸಲ ಹೊಡದಿದ್ದನಾ? ಅದಷ್ಟು ಬರಿ.

ಯಲಗೂರಪ್ಪ


ವಿಜಯಪುರ
9 ಅಕ್ಟೋಬರ್ 2024

ಕಾಕಾ,

ಎರಡ ಸಲ ಅಲ್ಲ. ಮೂರು ಸಲ. ನಿನಗ ಕಡಿಮಿ ನೋವಾಗ್ಲಿ ಅಂತ ಒಂದು ಬಿಟ್ಟು ಬರದಿದ್ದೆ. ಇನ್ನ ಹಂಗ ಬರಿಯೂದಿಲ್ಲ.

ಇದರ ಜೋಡಿ ಒಂದು ನೋಟ್‌ಬುಕ್ ಐತಿ. ನಿನ್ನ ಮೂವತ್ತೈದರದ್ದ. ನೀ ಹೇಳಿದಂಗ ಆ ಪುಸ್ತಕದಾಗ "ಆಲಿಸಿ" ಅಂತ ಬರದದ್ದು ಎಣಿಸಿದೆ, ಇಪ್ಪತ್ಮೂರು ಕಡೆ ಐತಿ. ಮೂರು ದಿನ ಫಕ್ರುದ್ದೀನ ಚಾಚಾ ನಮ್ಮ ಅಂಗಡ್ಯಾಗ ಸ್ಟೂಲ್ ಹಾಕ್ಕೊಂಡು ಕುಂತು ಒಂದೊಂದಕ್ಕ ಕಿವಿ ಇಲ್ಲದ ದಾರಿ ಹೇಳ್ಯಾರ, ನಾ ಬರದೇನಿ. ಗಿರಾಕಿಗೋಳು ಹೊರಗ ನಿಂತು "ಅಕ್ಕಾರ, ಝೆರಾಕ್ಸ್!" ಅಂತ ಒದರಿದ್ರ ಚಾಚಾ "ಅರೇ ನಿಂದ್ರೊ, ಇಲ್ಲಿ ಇಂಜಿನ್ ಬಿಚ್ಚೇವಿ" ಅಂತಾರ. ನಡನಡಕ ಜಗಳಾನೂ ಆತು. "ಇಲ್ಲಿ ಸ್ವಲ್ಪ ಬಿಸಿ ಇರತೈತಿ ಅಂತ ಬರೀ" ಅಂದ್ರು. "ಸ್ವಲ್ಪ ಅಂದ್ರ ಎಷ್ಟು ಚಾಚಾ, ಚಾ ಕಪ್ಪಿನಷ್ಟೊ, ತವಾದಷ್ಟೊ?" ಅಂದೆ. "ನೀ ಮಿಸ್ತ್ರಿ ಆಗಬೇಕಾಗಿತ್ತು" ಅಂದ್ರು.

ಮೊದಲ ಒಂಬತ್ತನೇ ಹಾಳಿ ನೋಡು. ಮುಂಜಾನೆ ಇಂಜಿನ್ ತಣ್ಣಗ ಇದ್ದಾಗ ಚಾಲೂ ಮಾಡಿ, ಹೊಗಿ ಹೋಗೋ ಮೂರು ಕೊಳವಿ ಇಂಜಿನ್ನಿಗೆ ಕೂಡಿದ ಕಡೆ ಒಂದೊಂದ ಹನಿ ನೀರು ಬಿಡಬೇಕು. ದುಡಿಯೋ ಸಿಲಿಂಡರಿನ ಕೊಳವಿ ಮ್ಯಾಲ ನೀರು ಆರಿ ಹೋಗತೈತಿ. ಯಾವುದರ ಮ್ಯಾಲ ನೀರು ಹಂಗ ಕುಂತಿರತೈತಿ, ಕಳ್ಳ ಅಂವ. ಆ ಸಿಲಿಂಡರಿನ ಡೀಸೆಲ್ ಪೈಪಿನ ಮ್ಯಾಲ ಎರಡು ಬೆರಳು ಇಡು, ವೈದ್ಯರು ನಾಡಿ ಹಿಡದಂಗ. ಬಡಿತ ಬರತಿದ್ರ ಪಂಪ್ ಸರಿ ಐತಿ, ಪೈಪಿನ ತುದ್ಯಾಗ ಡೀಸೆಲ್ ಚಿಮ್ಮಿಸೋ ನಾಜಲ್ ಕೆಟ್ಟಿರತೈತಿ.

ಆದ್ರ ಒಬ್ಬನ ಮಾಡಬ್ಯಾಡ. ಅಪ್ಪೂನ ಕರಿ. ನೀ ಕರಿಲಿಲ್ಲಂದ್ರ ಬಸ್ ಹತ್ತಿ ನಾನ ಬರತೇನಿ, ಬಂದು ನೋಟ್‌ಬುಕ್ ಕಸಗೊಂಡು ಹೋಗತೇನಿ. ಕಿವಿ ಡಾಕ್ಟರ್ ಕಡೆ ಹೋಗೂದು ಬ್ಯಾರೆ ಮಾತು, ಅದಕ್ಕ ಬ್ಯಾರೆ ಜಗಳಾಡೂನು.

ಚಂದ್ರಾ


ಬಿಜ್ಜರಗಿ
22 ಅಕ್ಟೋಬರ್ 2024

ಚಂದ್ರಾ,

ತಡಾ ಆತು. ಚಾಟ್ನಿ ಗದ್ದಲದಾಗ ಪೆನ್ನು ಹಿಡಿಯಾಕ ಆಗಲಿಲ್ಲ. ಅದು ಅರ್ಧ ಖರೆ. ಏನ ಬರೀಬೇಕಂತ ತಿಳಿಲಿಲ್ಲ, ಅದು ಇನ್ನರ್ಧ.

ನಿನ್ನ ನೋಟ್‌ಬುಕ್ ಬಂದ ದಿವಸ ಅಪ್ಪೂನ ಅಡಗಿ ಮನಿಗೆ ಕರದೆ. "ನನಗ ಕೇಳಸೂದಿಲ್ಲ ಅಂತ ಯಾವಾಗಿಂದ ಗೊತ್ತಲೇ ನಿನಗ?" ಅಂದೆ. ಅವ ನೆಲಾ ನೋಡಿ ಬಾಯಿ ಅಲ್ಲಾಡಿಸಿದ. "ಜೋರಲೆ ಹೇಳಲೇ, ಕೆಪ್ಪ ಅದೇನಿ" ಅಂದೆ. ಆ ಮಾತು ನನ್ನ ಬಾಯಿಂದ ಮೊದಲ ಸಲ ಹೊರಗ ಬಂತು. ನಿಮ್ಮ ಕಾಕಿ ರೊಟ್ಟಿ ಬಡಿಯೂದು ಬಿಟ್ಟು ನಿಂತ್ಳು. ಅಪ್ಪು ಒದರಿದ: "ಎರಡು ವರ್ಷಾತು ಯಪ್ಪಾ!" ಓಣಿಗೆಲ್ಲಾ ಕೇಳಿಸಿರಬೇಕು. ಹೋಗ್ಲಿ, ಬಿಜ್ಜರಗಿಗೆ ಎಲ್ಲಾ ಗೊತ್ತಿತ್ತಂತ. ನನಗೊಬ್ಬಗ ಗೊತ್ತಿರಲಿಲ್ಲ, ಅವರಿಗೆ ಗೊತ್ತೈತಿ ಅಂತ. ಅಮರಪ್ಪ ಎದುರಿಗೆ ನಿಂತು ಬಿಡಿಸಿ ಬಿಡಿಸಿ ಮಾತಾಡೂದು ಅವನ ಸ್ವಭಾವ ಅಂತ ತಿಳಕೊಂಡಿದ್ದೆ, ನೋಡು.

ಮರುದಿನ ಮುಂಜಾನೆ ಗಾಲಿಗೆ ಕಲ್ಲು ಕೊಟ್ಟು, ನೀ ಹೇಳಿದಂಗ ಹನಿ ಬಿಟ್ವಿ. ಒಂದನೇದ್ದರ ಮ್ಯಾಲ ಆರಿತು. ಮೂರನೇದ್ದರ ಮ್ಯಾಲ ಆರಿತು. ನಡುವಿಂದರ ಮ್ಯಾಲ ಹನಿ ಮುತ್ತಿನಂಗ ಕುಂತಿತ್ತು. ಚಂದ್ರಾ, ಎರಡು ವರ್ಷದಾಗ ಮೊದಲ ಸಲ ಆ ಇಂಜಿನ್ ನನ್ನ ಜೋಡಿ ಮಾತಾಡ್ತು. ಪೈಪಿಗೆ ಬೆರಳಿಟ್ಟೆ, ನಾಡಿ ಬಡಿಯಾಕತ್ತಿತ್ತು. ನಾಜಲ್ ಬಿಚ್ಚಿ ಅಪ್ಪೂನ ಕೈಯಾಗ ಕೊಟ್ಟು ಫಕ್ರುದ್ದೀನನ ಕಡೆ ಕಳಸಿದೆ, ಬದಲಿ ಹಾಕಿಸಿ ತಂದ. ಫಕ್ರುದ್ದೀನಗ ನನ್ನ ಸಲಾಂ ಹೇಳು. ನನ್ನ ಪತ್ರ ಕೇಳಲಾರದ ಓದಿದ್ದಕ್ಕ ಒಂದು ಬೈಗಳಾನೂ ಹೇಳು.

ಸಾರವಾಡದಾಂವಗ ಬರಬ್ಯಾಡ ಅಂತ ಅಪ್ಪೂನ ಫೋನ್ ಮಾಡಿದ. ಆದ್ರ ಮಾತು ಅಷ್ಟಕ್ಕ ಮುಗಿಲಿಲ್ಲ. "ಟ್ರ್ಯಾಕ್ಟರ್ ಇರಲಿ, ನೀ ಅದರ ಕೆಳಗ ಹೋಗಬ್ಯಾಡ" ಅಂದ. "ಕೆಳಗ ಹೋಗಲಾರದ ರಿಪೇರಿ ಹೆಂಗ ಮಾಡ್ಲಿ, ಮ್ಯಾಲಿಂದ ಮಂತ್ರ ಹಾಕ್ಲ್ಯಾ?" ಅಂದೆ. ಎರಡು ದಿನ ಮಾತ ಬಿಟ್ಟಿದ್ವಿ. ಮೂರನೇ ದಿನ ನಾನ ಒಂದು ಕಾಯ್ದೆ ಹಾಕಿದೆ. ಯಾರ ಕೈ ಟ್ರ್ಯಾಕ್ಟರಿನ್ಯಾಗ ಐತಿ, ಚಾವಿ ಅವರ ಕಿಸೆದಾಗ. ನಾ ಗಾಲಿ ನಡಕ ಕುಂತಾಗ ಚಾವಿ ನನ್ನ ಅಂಗಿ ಕಿಸೆದಾಗ ಇರತೈತಿ, ನಾ ಎದ್ದು ಬಂದು ಅಪ್ಪೂನ ಅಂಗೈಯಾಗ ಇಡುತನಕ ಅದು ಚಾಲೂ ಆಗೂದಿಲ್ಲ. ಇಂಜಿನ್ ಚಾಲೂ ಇಟ್ಟು ನೋಡೂದು ಇದ್ರ ಗಾಲಿಗೆ ಕಲ್ಲು, ಸೀಟಿನ ಮ್ಯಾಲ ಯಾರೂ ಕೂಡಂಗಿಲ್ಲ. ಎಷ್ಟ ಅವಸರ ಇರಲಿ. ಇಪ್ಪತ್ಮೂರು ಕಡೆ "ಆಲಿಸಿ" ಅಂತ ಬರದಾವಗ ಇದೊಂದು ಬರ್ಯಾಕ ಬುದ್ಧಿ ಹೊಳಿಲಿಲ್ಲ. ನಿನಗೂ ಹೊಳಿಲಿಲ್ಲ. ನಿನ್ನ ನೋಟ್‌ಬುಕ್ಕಿನ ಮೊದಲನೇ ಹಾಳಿ ಖಾಲಿ ಬಿಟ್ಟಿದ್ದಿ, ಅದರ ಮ್ಯಾಲ ದಪ್ಪ ಅಕ್ಷರದಾಗ ಬರದೇನಿ. ಕೆಳಗ ಅಪ್ಪು ಸಹಿ ಹಾಕ್ಯಾನ, ನಾ ಹಾಕೇನಿ, ನಿಮ್ಮ ಕಾಕಿ ಹೆಬ್ಬಟ್ಟು ಒತ್ಯಾಳ.

ಇನ್ನೊಂದು ತ್ರಾಸು ಬಂದೈತಿ. ಸಪ್ಪಳ ಕೇಳೂದು ಅಪ್ಪೂಗ ಕಲಸಬೇಕಂತ ಪೈಪಿನ ನಟ್ ಸಡಲ ಮಾಡಿ "ಬದಲಾತೇನು?" ಅಂತ ಕೇಳಿದೆ. "ಎಲ್ಲಾ ಒಂದ ಕೇಳತೈತಿ ಯಪ್ಪಾ" ಅಂದ. ಮತ್ತೊಂದು ಸಡಲ ಮಾಡಿದೆ. "ಒಂದ ಕೇಳತೈತಿ." ಎರಡೂ ಕಿವಿ ನೆಟ್ಟಗ ಇಟ್ಕೊಂಡು ಈ ಮಗಾ ಏನೂ ಕೇಳವಲ್ಲ! ಕೆಪ್ಪ ನಾನೊ ಇವನೊ? ಒಂದು ತಾಸು ಬೈದೆ. ನಾಳೆ ಮತ್ತ ಕುಂದರಸ್ತೇನಿ. ಕಿವಿ ಡಾಕ್ಟರನ ಮಾತು ಔಷಧ ಹೊಡಿಯೂದು ಮುಗಿಯುತನಕ ಎತ್ತಬ್ಯಾಡ. ಆಮ್ಯಾಲೆ ಬರತೇನಿ, ಜಗಳಕ್ಕ ತಯಾರಾಗಿ ಇರು.

ನಿನ್ನೆ ಮೊದಲನೇ ಔಷಧ ಹೊಡದ್ವಿ. ಅಪ್ಪು ಸಾಲಿನೊಳಗ ಹೊಡಕೋತ ಹೋದ, ನಾ ಬದುವಿನ ಮ್ಯಾಲ ನಿಂತು ಹೊಗಿ ನೋಡಿದೆ. ತೆಳ್ಳಗ ಇತ್ತು, ಬರೋಬ್ಬರಿ ಇತ್ತು. ಸಾಲಿನ ತುದ್ಯಾಗ ತಿರಗಿಸುವಾಗ ಅವ ನನ್ನ ಕಡೆ ನೋಡಿ ಏನೋ ಒದರಿದ. ನನಗ ಕೇಳಿಸ್ಲಿಲ್ಲ. ನಾನೂ ಒದರಿದೆ. ಪಂಪಿನ ಸಪ್ಪಳದಾಗ ಅವಗೂ ಕೇಳಿಸ್ಲಿಲ್ಲ. ಅವ ಕಿವಿಗೆ ಕೈ ಹಚ್ಚಿ "ಏನು?" ಅಂದ. ನಾನೂ ಕಿವಿಗೆ ಕೈ ಹಚ್ಚಿ "ಏನು?" ಅಂದೆ. ನಕ್ಕು ಮುಂದಿನ ಸಾಲಿಗೆ ಹೋದ.

ನಿನ್ನ ಕಾಕಾ